ಪೂರ್ವಾನುಮತಿ ಪಡೆದ ಅಪಘಾತ

ಮೇಡಂ ಅವರದು ಮೂರು ತಲೆಮಾರಿನಿಂದ ಹೆಸರು ಕೆಡಿಸಿಕೊಳ್ಳದ ಮನೆತನ. ಇದು ಹೊಗಳಿಕೆಯಲ್ಲ, ಸಂಗತಿ. ಅವರ ತಾತ ದೊಡ್ಡಾಸ್ಪತ್ರೆಯ ಔಷಧ ಉಗ್ರಾಣವನ್ನು ಮೂವತ್ತೊಂಬತ್ತು ವರ್ಷ ನೋಡಿಕೊಂಡಿದ್ದರು. ನಿವೃತ್ತಿಯ ದಿನ ಎಣಿಸಿದಾಗ ಒಂದು ಸೀಸೆ ಹೆಚ್ಚಾಗಿ ಸಿಕ್ಕಿತೇ ಹೊರತು ಕಡಿಮೆ ಬೀಳಲಿಲ್ಲ. ಆ ಹೆಚ್ಚಿನ ಸೀಸೆ ಎಲ್ಲಿಂದ ಬಂತೆಂಬ ಕೊರಗಿನಲ್ಲೇ ಅವರು ಕಣ್ಣು ಮುಚ್ಚಿದರು. ಸೋದರತ್ತೆ ದಾದಿಯರ ಮುಖ್ಯಸ್ಥೆಯಾಗಿದ್ದರು. ಅವರು ವಾರ್ಡಿನೊಳಕ್ಕೆ ಕಾಲಿಟ್ಟರೆ ಜ್ವರ ತಾನಾಗಿ ಒಂದು ಡಿಗ್ರಿ ಇಳಿಯುತ್ತದೆಂದು ರೋಗಿಗಳೇ ಹೇಳುತ್ತಿದ್ದರು. ತಂದೆ ಶಾಲಾ ತನಿಖಾಧಿಕಾರಿ. ನೂರಾರು ಶಾಲೆ ನೋಡಿದರೂ ಯಾವ ಶಾಲೆಯಲ್ಲೂ ಒಂದು ಲೋಟ ಚಹಾ ಮುಟ್ಟಿದವರಲ್ಲ. ನೀರನ್ನು ಮನೆಯಿಂದಲೇ ಒಯ್ಯುತ್ತಿದ್ದರು. ಮೇಡಂ ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿನ ಸಿಸ್ಟರುಗಳು ಅವರಿಗೆ ಬೆನ್ನು ನೆಟ್ಟಗಿಟ್ಟು ಕೂರುವುದನ್ನೂ ಕಂಡದ್ದನ್ನು ಕಂಡ ಹಾಗೆ ಬರೆಯುವುದನ್ನೂ ಕಲಿಸಿದ್ದರು. ಎರಡನ್ನೂ ಅವರು ಐವತ್ತಾರನೆಯ ವಯಸ್ಸಿನವರೆಗೂ ಬಿಟ್ಟಿರಲಿಲ್ಲ.

ಇಂಥ ಮೇಡಂ ಇಪ್ಪತ್ತಾರು ವರ್ಷಗಳಿಂದ ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದ ಮುಖ್ಯಸ್ಥೆಯಾಗಿದ್ದರು. ಕೂದಲು ಬಿಟ್ಟುಕೊಂಡು ಬಂದ ಹುಡುಗಿಗೆ ಬಾಗಿಲಲ್ಲೇ ರಬ್ಬರ್ ಬ್ಯಾಂಡ್ ಸಿಗುತ್ತಿತ್ತು. ಚಪ್ಪಲಿಯಲ್ಲಿ ಬಂದ ಹುಡುಗನಿಗೆ ಏನೂ ಸಿಗುತ್ತಿರಲಿಲ್ಲ. ಮೇಡಂ ಅವನ ಕಾಲ್ಬೆರಳುಗಳನ್ನು ಒಂದು ನಿಮಿಷ ಸುಮ್ಮನೆ ನೋಡುತ್ತಿದ್ದರು. ಅವನೇ ಹೋಗಿ ಬೂಟು ಹಾಕಿಕೊಂಡು ಬರುತ್ತಿದ್ದ. ಪಿಪೆಟ್ಟಿಗೆ ಬಾಯಿ ಇಟ್ಟವರನ್ನು "ಅದೇನು ಶರಬತ್ತೇ?" ಎಂದು ಕೇಳಿ ಹೊರಗೆ ಕಳಿಸುತ್ತಿದ್ದರು. ಜಾಡಿಯ ಚೀಟಿ ಓದದೆ ಮುಚ್ಚಳಕ್ಕೆ ಕೈ ಹಾಕಿದವರು ಅವತ್ತಿಗೆ ಆ ಕೋಣೆಯಲ್ಲಿ ಉಳಿಯುತ್ತಿರಲಿಲ್ಲ.

ಇಷ್ಟಾದರೂ ಗಾಜು ಒಡೆಯುತ್ತದೆ, ಬೆಂಕಿ ಸುಡುತ್ತದೆ. ಅದಕ್ಕೆಂದೇ ಕಪಾಟಿನಲ್ಲಿ ಒಂದು ಅಪಘಾತ ಪುಸ್ತಕವಿತ್ತು. ಸ್ಲೈಡು ಒಡೆದು ಹೆಬ್ಬೆರಳು ಕೊಯ್ದದ್ದು, ಸ್ಪಿರಿಟ್ ದೀಪಕ್ಕೆ ತೋಳು ತಾಗಿದ್ದು, ಕಪ್ಪೆಯ ಹೊಟ್ಟೆ ಕಂಡು ವಾಲಿಬಾಲ್ ತಂಡದ ನಾಯಕ ಮೂರ್ಛೆ ಹೋದದ್ದು, ಎಲ್ಲವನ್ನೂ ಮೇಡಂ ಗಂಟೆ ನಿಮಿಷ ಸಮೇತ ಅದರಲ್ಲಿ ಬರೆಯುತ್ತಿದ್ದರು. ಬರೆದದ್ದನ್ನು ಓದಿ ಮುಂದಿನ ತರಗತಿಯನ್ನು ತಿದ್ದಿಕೊಳ್ಳುತ್ತಿದ್ದರು. ಒಂದು ವರ್ಷ ನಲವತ್ತಮೂರು ನಮೂದುಗಳಾದವು.

ಆ ವರ್ಷ ಸುರಕ್ಷತಾ ಮಂಡಳಿ ಎಲ್ಲ ಕಾಲೇಜುಗಳ ಅಪಘಾತ ಪುಸ್ತಕಗಳನ್ನು ತರಿಸಿ ಹೋಲಿಸಿ ನೋಡಿತು. ಉಳಿದ ಕಾಲೇಜುಗಳ ಪುಸ್ತಕಗಳು ಅಂಗಡಿಯಿಂದ ಬಂದ ಹಾಗೇ ಇದ್ದವು. ಹೀಗಾಗಿ ನಮ್ಮ ಕಾಲೇಜು ಅತ್ಯಂತ ಅಪಾಯಕಾರಿ ಎಂದು ತೀರ್ಮಾನವಾಯಿತು. ಪ್ರಾಂಶುಪಾಲರು ಮೇಡಂ ಅವರನ್ನು ಕರೆಸಿದರು.

"ಪಕ್ಕದ ಕಾಲೇಜಿನಲ್ಲಿ ಒಂದೇ ಒಂದು ಅಪಘಾತ ಇಲ್ವಂತೆ, ಮೇಡಂ."

"ಪಕ್ಕದ ಕಾಲೇಜಿನಲ್ಲಿ ಪ್ರಯೋಗಾಲಯವೇ ಇಲ್ಲ, ಸರ್."

"ನೋಡಿ! ಅವರು ಹೇಗೆ ಸಾಧಿಸಿದ್ದಾರೆ ನೋಡಿ."

ಮಂಡಳಿಯು ಸತತ ಮೂರು ವರ್ಷ, ಅಂದರೆ ಸಾವಿರದ ತೊಂಬತ್ತೈದು ದಿನ, ಅಪಘಾತವಿಲ್ಲದೆ ಕಳೆದ ಸಂಸ್ಥೆಗೆ ಪ್ರಶಸ್ತಿ ಕೊಡುತ್ತಿತ್ತು. ಪ್ರಶಸ್ತಿ ಪಡೆದ ಸಂಸ್ಥೆಯ ಮುಖ್ಯಸ್ಥರು ಸಮುದ್ರ ದಂಡೆಯ ಹೋಟೆಲಿನಲ್ಲಿ ನಡೆಯುವ ಐದು ದಿನಗಳ ಸುರಕ್ಷತಾ ಸಮ್ಮೇಳನಕ್ಕೆ ಪತ್ನೀ ಸಮೇತ ಹೋಗಬಹುದಿತ್ತು. ಪ್ರಾಂಶುಪಾಲರಿಗೆ ವಿದ್ಯಾರ್ಥಿಗಳ ಸುರಕ್ಷತೆಯ ಬಗ್ಗೆ ದಿಢೀರನೆ ಕಾಳಜಿ ಹುಟ್ಟಿತು. ಅವರು ಇತಿಹಾಸದ ಉಪನ್ಯಾಸಕರನ್ನು ಸುರಕ್ಷತಾಧಿಕಾರಿಯಾಗಿ ನೇಮಿಸಿದರು. ಆಗಿಹೋದದ್ದರ ಬಗ್ಗೆ ಅವರಷ್ಟು ತಿಳಿದವರು ಕಾಲೇಜಿನಲ್ಲಿ ಇನ್ನೊಬ್ಬರಿರಲಿಲ್ಲ.

ಸುರಕ್ಷತಾಧಿಕಾರಿ ಎರಡು ತಿಂಗಳು ಕೂತು ನಲವತ್ತಮೂರು ಅಪಘಾತಗಳನ್ನೂ ಅಧ್ಯಯನ ಮಾಡಿದರು. ಗಾಜು, ಬೆಂಕಿ, ಆಮ್ಲ, ಮೂರ್ಛೆ ಎಂದು ಕಾರಣಗಳು ಬೇರೆ ಬೇರೆಯಾಗಿ ಕಂಡರೂ ಎಲ್ಲದರಲ್ಲೂ ಸಮಾನವಾದ ಅಂಶ ಒಂದೇ ಎಂಬುದು ಅವರ ಕಣ್ಣಿಗೆ ಬಿತ್ತು. ಎಲ್ಲವೂ ಆ ಪುಸ್ತಕದಲ್ಲೇ ಇದ್ದವು. ರೋಗದ ಮೂಲ ಸಿಕ್ಕ ಮೇಲೆ ಮದ್ದು ಕಷ್ಟವಲ್ಲ. ಸೂಚನಾ ಫಲಕದಲ್ಲಿ ಸುತ್ತೋಲೆ ಬಿತ್ತು:

"ಪ್ರಯೋಗಾಲಯದಲ್ಲಿ ಅಪಘಾತವನ್ನು ದಾಖಲಿಸಬಯಸುವವರು ಸದರಿ ಅಪಘಾತಕ್ಕೆ ಕನಿಷ್ಠ ಏಳು ದಿನ ಮುಂಚಿತವಾಗಿ, ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಪೂರ್ವಾನುಮತಿ ಪಡೆಯತಕ್ಕದ್ದು. ಪೂರ್ವಾನುಮತಿಯಿಲ್ಲದೆ ಸಂಭವಿಸಿದ ಅಪಘಾತಗಳನ್ನು ಸಂಭವಿಸಿಲ್ಲವೆಂದು ಪರಿಗಣಿಸತಕ್ಕದ್ದು."

ಮರುದಿನದಿಂದಲೇ ಅಪಘಾತಗಳು ನಿಂತವು. ಸುಧಾರಣೆ ಇಷ್ಟು ಬೇಗ ಫಲ ಕೊಟ್ಟದ್ದನ್ನು ಕಾಲೇಜು ಹಿಂದೆ ಕಂಡಿರಲಿಲ್ಲ. ಮೊಗಸಾಲೆಯಲ್ಲಿ "ಅಪಘಾತವಿಲ್ಲದ ದಿನಗಳು" ಎಂಬ ಹಸಿರು ಫಲಕ ತೂಗುಹಾಕಲಾಯಿತು. ದಿನಾ ಬೆಳಿಗ್ಗೆ ಅದರ ಅಂಕಿ ಬದಲಿಸುವ ಕೆಲಸ ಪ್ರಯೋಗಾಲಯದ ಹಳೆಯ ಜವಾನನ ಪಾಲಿಗೆ ಬಂತು. ಮೂವತ್ತು ವರ್ಷ ಜಾಡಿ ತೊಳೆದದ್ದರಿಂದ ಅವನನ್ನು ಎಲ್ಲರೂ ಜಾಡಿಯಣ್ಣ ಎನ್ನುತ್ತಿದ್ದರು. ಅವನು ಏಣಿ ಹತ್ತಿ ಅಂಕಿ ಬದಲಿಸುವಾಗ ಎರಡು ಸಲ ಬಿದ್ದಿದ್ದ. ಅರ್ಜಿ ಹಾಕಿರಲಿಲ್ಲವಾದ್ದರಿಂದ ಬಿದ್ದಿರಲಿಲ್ಲ.

ಮೇಡಂ ಬೆರಳಿಗೆ ಪಟ್ಟಿ ಕಟ್ಟುವುದನ್ನು ಬಿಡಲಿಲ್ಲ, ಬರೆಯುವುದನ್ನು ಮಾತ್ರ ಬಿಟ್ಟರು. ಸುಳ್ಳು ಬರೆಯುವುದಕ್ಕಿಂತ ಖಾಲಿ ಬಿಡುವುದು ಮೇಲು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಆ ಸಮಾಧಾನ ಹೊಸ ಬೂಟಿನ ಹಾಗೆ ಎಲ್ಲೋ ಒಂದು ಕಡೆ ಕಚ್ಚುತ್ತಲೇ ಇತ್ತು.

ಸುರಕ್ಷತೆಗೆ ಬೇಕಾದ ಸಾಮಾನುಗಳೂ ಬಂದವು. ನಲವತ್ತು ರಕ್ಷಣಾ ಕನ್ನಡಕಗಳನ್ನು ಗಾಜಿನ ಬೀರುವಿನಲ್ಲಿ ಸಾಲಾಗಿ ಜೋಡಿಸಿ ಬೀಗ ಹಾಕಲಾಯಿತು. ಪರಿಶೀಲನೆಗೆ ಬಂದವರಿಗೆ ಗೀರಿಲ್ಲದೆ ಕಾಣಬೇಕಿತ್ತು. ಕಣ್ಣು ತೊಳೆಯುವ ನಲ್ಲಿಯನ್ನು ಕೂರಿಸಿ, ಪ್ಲಾಸ್ಟಿಕ್ ಹೊದಿಸಿ, ಕೆಂಪು ರಿಬ್ಬನ್ ಕಟ್ಟಲಾಯಿತು. ಮಂಡಳಿಯ ಅಧ್ಯಕ್ಷರು ಬಂದು ಉದ್ಘಾಟಿಸಬೇಕಿತ್ತು. ಅವರು ಎಂಟು ತಿಂಗಳಿನಿಂದ ದಿನಾಂಕ ಕೊಟ್ಟಿರಲಿಲ್ಲ.

ಫಲಕದಲ್ಲಿ ಸಾವಿರದ ಎಂಬತ್ತೊಂಬತ್ತು ಎಂದಿದ್ದ ದಿನ, ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ನಕ್ಷತ್ರಮೀನಿನ ಜಾಡಿಯನ್ನು ತೆರೆಯುತ್ತಿದ್ದಳು. ತರಗತಿಯಲ್ಲಿ ಕೈ ಎತ್ತುವುದನ್ನು ನಿಲ್ಲಿಸದ ಕಾರಣ ಗೆಳತಿಯರು ಅವಳಿಗೆ ಪ್ರಶ್ನೆ ಎಂದು ಹೆಸರಿಟ್ಟಿದ್ದರು. ಅವಳ ಕೂದಲು ಕಟ್ಟಿತ್ತು, ಕೋಟಿನ ಗುಂಡಿ ಹಾಕಿತ್ತು, ಚೀಟಿಯನ್ನು ಎರಡು ಸಲ ಓದಿದ್ದಳು. ಬೀರುವಿನೊಳಗಿನ ಕನ್ನಡಕಗಳನ್ನು ನೋಡಿ, "ಮೇಡಂ, ಅವು ಯಾರ ಕಣ್ಣಿಗೆ?" ಎಂದು ಆ ವಾರ ಮೂರನೆಯ ಸಲ ಕೇಳಿಯೂ ಇದ್ದಳು. ಬಿಗಿಯಾಗಿದ್ದ ಮುಚ್ಚಳ ಫಕ್ಕನೆ ಸಡಿಲಿತು. ಫಾರ್ಮಾಲಿನ್ ಅವಳ ಎಡಗಣ್ಣಿಗೆ ಹಾರಿತು.

ಮೇಡಂ ಓಡುವವರಲ್ಲ. ಅವತ್ತು ಓಡಿದರು. ಹುಡುಗಿಯ ರಟ್ಟೆ ಹಿಡಿದು ನಲ್ಲಿಯ ಹತ್ತಿರ ಎಳೆದು, ಕಪ್ಪೆ ಕೊಯ್ಯುವ ಕತ್ತರಿಯಿಂದ ಕೆಂಪು ರಿಬ್ಬನ್ನನ್ನು ಕತ್ತರಿಸಿ, ಪ್ಲಾಸ್ಟಿಕ್ ಹರಿದು ನೀರು ಬಿಟ್ಟರು.

"ಉರಿ ಮೇಡಂ... ಉರಿ..."

"ಗೊತ್ತು. ಕಣ್ಣು ಮುಚ್ಚಬೇಡ. ರೆಪ್ಪೆ ನಾನು ಹಿಡಿದುಕೊಂಡಿದೀನಿ."

"ಇನ್ನೂ ಎಷ್ಟು ಹೊತ್ತು?"

"ಹದಿನೈದು ನಿಮಿಷ. ಹದಿನಾಲ್ಕಾದ್ರೆ ಸಾಲದು. ಜಾಡಿಯಣ್ಣ, ಗಡಿಯಾರ ನೋಡ್ತಾ ಇರು."

"ನೋಡ್ತಿದೀನಿ ಮೇಡಮ್ಮೋರೆ. ಆದ್ರೆ ರಿಬ್ಬನ್ನು..."

"ನಿನಗೆ ಗಡಿಯಾರ ನೋಡೋಕೆ ಹೇಳಿದೆ."

ಆಸ್ಪತ್ರೆಯ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, "ಹದಿನೈದು ನಿಮಿಷ ತೊಳೆದದ್ದಕ್ಕೆ ಕಣ್ಣು ಉಳೀತು. ಆಸ್ಪತ್ರೆಗೆ ಕರ್ಕೊಂಡು ಬರೋಣ ಅಂತ ಹಾಗೇ ಹೊರಟಿದ್ರೆ ಉಳೀತಿರಲಿಲ್ಲ" ಎಂದು ಹೇಳಿ ಕಣ್ಣಿಗೆ ಪಟ್ಟಿ ಕಟ್ಟಿ, ನಾಲ್ಕು ದಿನ ಮನೆಯಲ್ಲಿ ಮಲಗಲು ಬರೆದುಕೊಟ್ಟರು.

ನಾಲ್ಕು ದಿನ ಕಳೆದು ಹುಡುಗಿ ಎರಡೂ ಕಣ್ಣು ತೆರೆದುಕೊಂಡು ಕಾಲೇಜಿಗೆ ಬಂದಳು. ಜೊತೆಗೆ ಅವಳ ತಾಯಿಯೂ ಬಂದಿದ್ದರು. ತಾಯಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಯುವವರು. ಅರ್ಧ ದಿನದ ರಜೆ ಕೇಳಿಕೊಂಡು ಬಂದಿದ್ದರು. ಕಚೇರಿಯಲ್ಲಿ ಅವರ ಕೈಗೆ ಒಂದು ಚೀಟಿ ಸಿಕ್ಕಿತು. ಪ್ರಾಯೋಗಿಕ ತರಗತಿಗೆ ನಾಲ್ಕು ದಿನ ಗೈರು. ದಾಖಲಾದ ಅಪಘಾತದ ಹೊರತು ಬೇರೆ ಯಾವ ಕಾರಣವನ್ನೂ ಒಪ್ಪಲಾಗದು. ಆದ್ದರಿಂದ ಪರೀಕ್ಷೆಯ ಪ್ರವೇಶಪತ್ರ ಕೊಡಲಾಗದು.

"ಪರೀಕ್ಷೆಗೆ ಕೂರದೆ ಇದ್ರೆ ವಿದ್ಯಾರ್ಥಿವೇತನ ನಿಂತು ಹೋಗತ್ತೆ ಮೇಡಂ," ಎಂದರು ತಾಯಿ. "ಅದು ನಿಂತರೆ ಇವಳ ಓದೂ ನಿಂತ ಹಾಗೆ. ನನ್ನ ಪಕ್ಕದ ಮಶೀನು ಖಾಲಿ ಇದೆ ಅಂತ ಸೂಪರ್‌ವೈಸರ್ ಆಗಲೇ ಹೇಳ್ತಿದಾರೆ. ಕಣ್ಣೇನೋ ಉಳಿಸಿಕೊಟ್ರಿ. ವರ್ಷಾನೂ ಉಳಿಸಿಕೊಡಿ."

"ಕೂತ್ಕೊಳ್ಳಿ," ಎಂದರು ಮೇಡಂ. ಕೂತ ಮೇಲೆ, "ಬೆನ್ನು ನೆಟ್ಟಗೆ," ಎಂದರು. ತಾಯಿ ನೆಟ್ಟಗೆ ಕೂತರು.

ಮೇಡಂ ಅಪಘಾತ ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡು ಸುರಕ್ಷತಾಧಿಕಾರಿಯ ಕೋಣೆಗೆ ಹೋದರು. ಸುರಕ್ಷತಾಧಿಕಾರಿ ಎದ್ದು ನಿಂತು ಕುರ್ಚಿ ತೋರಿಸಿದರು. ಅವರು ಕೆಟ್ಟವರಲ್ಲ. ನಿಯಮವನ್ನು ತಾವೇ ಹೆತ್ತದ್ದರಿಂದ ಅದರ ಮೇಲೆ ಅವರಿಗೆ ತಾಯಿಯ ಮಮತೆಯಿತ್ತು.

"ಅಪಘಾತ ಬರೀಬೇಕು," ಎಂದರು ಮೇಡಂ.

"ಯಾವ ಅಪಘಾತ, ಮೇಡಂ?"

"ಐದು ದಿನದ ಹಿಂದಿನದು. ನೀವೇ ಮೊಗಸಾಲೆಯಲ್ಲಿ ನಿಂತು ನೋಡಿದ್ರಿ."

"ನಾನು ನೋಡಿದ್ದು ನಿಜ. ಆದ್ರೆ ಅದು ನಡೆದಿಲ್ಲ."

"ಡಾಕ್ಟರ ಚೀಟಿ ಇದೆ."

"ಡಾಕ್ಟರು ಕಣ್ಣಿಗೆ ಪಟ್ಟಿ ಕಟ್ಟಿರೋದಕ್ಕೆ ಚೀಟಿ ಕೊಟ್ಟಿದಾರೆ. ಅಪಘಾತಕ್ಕೆ ಕೊಟ್ಟಿಲ್ಲ. ಪೂರ್ವಾನುಮತಿ ಎಲ್ಲಿ?"

"ಮುಚ್ಚಳ ಸಡಿಲ ಆಗೋದು ಏಳು ದಿನ ಮೊದಲೇ ಗೊತ್ತಾಗತ್ತಾ?"

ಸುರಕ್ಷತಾಧಿಕಾರಿ ನಿಟ್ಟುಸಿರು ಬಿಟ್ಟರು. "ಇದೇ ನೋಡಿ ಮೇಡಂ ನಮ್ಮ ಜನರ ದೊಡ್ಡ ದೋಷ. ಮುಂದಾಲೋಚನೆಯೇ ಇಲ್ಲ." ಆಮೇಲೆ ದನಿ ತಗ್ಗಿಸಿ, "ರಿಬ್ಬನ್ನಿನ ವಿಷಯ ನಾನು ಎತ್ತಿಲ್ಲ. ತಾನಾಗಿ ಹರೀತು ಅಂತ ಬರೆದಿದೀನಿ. ನಾಳೆ ಒಂದು ದಿನ ಕಳೆದರೆ ಪ್ರಶಸ್ತಿ. ಸಾಹೇಬರ ಮನೆಯವರು ಈಜುಡುಗೆ ಹೊಲಿಯೋಕೆ ಕೊಟ್ಟಾಗಿದೆ. ಯಾಕೆ ಸುಮ್ನೆ?"

ಮೇಡಂ ಎದ್ದರು. ಬಾಗಿಲವರೆಗೆ ಹೋಗಿ ತಿರುಗಿ ನಿಂತರು.

"ನಿಮ್ಮ ನಮೂನೆ ಒಂದು ಕೊಡಿ."

"ಯಾವ ನಮೂನೆ?"

"ಪೂರ್ವಾನುಮತಿಯದು."

ಮೂರು ವರ್ಷದಲ್ಲಿ ಆ ನಮೂನೆಯನ್ನು ಕೇಳಿದ ಮೊದಲಿಗರು ಮೇಡಂ. ಸುರಕ್ಷತಾಧಿಕಾರಿಯ ಕಣ್ಣು ಒದ್ದೆಯಾಯಿತು. ಡ್ರಾಯರಿನ ತಳದಿಂದ ಒಂದನ್ನು ತೆಗೆದು, ಧೂಳು ಒರೆಸಿ, ಎರಡು ಕೈಯಲ್ಲಿ ಕೊಟ್ಟರು.

ಮೇಡಂ ಆ ಹಾಳೆಯನ್ನು ಮೇಜಿನ ಮೇಲಿಟ್ಟು ಮಸಿ ಪೆನ್ನಿನಲ್ಲಿ ತುಂಬಿದರು. ಪಕ್ಕದಲ್ಲಿ ಪ್ರಶ್ನೆ ನಿಂತಿದ್ದಳು, ಹಿಂದೆ ಜಾಡಿಯಣ್ಣ.

ಅಪಘಾತ ನಡೆಸಲು ಉದ್ದೇಶಿಸಿರುವ ದಿನ ಎಂಬಲ್ಲಿ, ಅಂದಿನಿಂದ ಏಳನೆಯ ದಿನ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ ಎಂದು ಬರೆದರು. ಅಪಘಾತಕ್ಕೀಡಾಗಲಿರುವ ಅಂಗ: ಎಡಗಣ್ಣು. ಸದರಿ ಅಂಗಕ್ಕೆ ಈ ಹಿಂದೆ ಅನುಮತಿ ಪಡೆಯಲಾಗಿತ್ತೇ: ಇಲ್ಲ. ಅಪಘಾತದ ಉದ್ದೇಶ ಎಂಬಲ್ಲಿ "ಪರೀಕ್ಷೆಗೆ ಕೂರುವುದು" ಎಂದು ಬರೆದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ಮೇಡಂ," ಎಂದಳು ಪ್ರಶ್ನೆ, "ಅಪಘಾತ ಮುಂದಿನ ವಾರ ಆದ್ರೆ, ನಾನು ರಜ ಹಾಕಿದ್ದು ಹೋದ ವಾರ ಅಲ್ವಾ?"

"ಹೌದು."

"ಅದು ಹೇಗೆ ಸರಿಹೋಗತ್ತೆ?"

"ನಮೂನೆಯ ಹಿಂಬದಿ ಓದು."

ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ, ಅನುಮತಿ ಪಡೆದ ಅಪಘಾತಕ್ಕೆ ಸಂಬಂಧಿಸಿದಂತೆ ನಾಲ್ಕು ದಿನಗಳ ವಿಶ್ರಾಂತಿಗೆ ಅರ್ಹತೆ ಇರುತ್ತದೆ ಎಂದಿತ್ತು. ಅಪಘಾತದ ನಂತರ ಎಂದು ಎಲ್ಲಿಯೂ ಇರಲಿಲ್ಲ. ಬರೆದವರು ಇತಿಹಾಸದವರಾದ್ದರಿಂದ ಮುಂದಿನದನ್ನು ಹೇಳುವ ಅಭ್ಯಾಸ ಅವರಿಗಿರಲಿಲ್ಲ.

"ಕೂಸು ಹುಟ್ಟೋ ಮುಂಚೆ ಕುಲಾವಿ ಅಂತಾರಲ್ಲ, ಹಾಗಾಯ್ತು," ಎಂದ ಜಾಡಿಯಣ್ಣ.

"ಕುಲಾವಿ ಕೂಸಿಗೆ ಸರಿಯಾಗಿದ್ದರೆ ನಿನಗೇನು ಕಷ್ಟ? ಹೋಗು, ಸಾಹೇಬರು ಇದಾರಾ ನೋಡಿಕೊಂಡು ಬಾ."

ಪ್ರಾಂಶುಪಾಲರು ಇದ್ದರು. ಮರುದಿನದ ಸಮಾರಂಭದ ಭಾಷಣವನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದರು. ಅರ್ಜಿ ನೋಡಿ ಅವರ ಮುಖ ಸುಣ್ಣದ ಗೋಡೆಯಾಯಿತು. ದಿನಾಂಕ ನೋಡಿ ಮತ್ತೆ ರಕ್ತ ಬಂತು.

"ಪ್ರಶಸ್ತಿ ಆದ ಮೇಲಿನ ಅಪಘಾತ ತಾನೇ?"

"ಆರು ದಿನ ಆದ ಮೇಲೆ, ಸರ್."

"ಆವಾಗ ಫಲಕ ಪೇಂಟರ್ ಹತ್ತಿರ ಇರತ್ತೆ. 'ಪ್ರಶಸ್ತಿ ವಿಜೇತ' ಅಂತ ಬರೆಸೋಕೆ ಕಳಿಸ್ತಿದೀವಿ. ಫಲಕ ಇಲ್ಲದ ವಾರ ಅಪಘಾತಕ್ಕೆ ಒಳ್ಳೆ ಅನುಕೂಲ." ಅವರು ಪೆನ್ನು ತೆಗೆದುಕೊಂಡರು. "ಎರಡೂ ಕಣ್ಣು ಬೇಕಾ, ಮೇಡಂ?"

"ಒಂದು ಸಾಕು, ಸರ್."

"ಒಳ್ಳೇದು. ಮಿತವಾಗಿದ್ರೆ ಆಡಳಿತದ ಅಭ್ಯಂತರ ಏನಿಲ್ಲ." ಅಂಚಿನಲ್ಲಿ ಬರೆದರು: "ಅನುಮತಿಸಲಾಗಿದೆ. ಒಂದು ಕಣ್ಣಿಗೆ ಮೀರತಕ್ಕದ್ದಲ್ಲ." ಸಹಿ ಹಾಕಿ, ಮೊಹರು ಒತ್ತಿ, ಮೊಹರಿನ ಮೇಲೆ ಊದಿದರು.

ಮರುದಿನ ಪ್ರಶಸ್ತಿ ಪ್ರದಾನ ಸಾಂಗವಾಗಿ ನೆರವೇರಿತು. ಮಂಡಳಿಯ ಅಧ್ಯಕ್ಷರು ಕೊನೆಗೂ ಬಂದರು. ಹೊಸ ರಿಬ್ಬನ್ ಕಟ್ಟಿದ ನಲ್ಲಿಯನ್ನು ಉದ್ಘಾಟಿಸಿ, "ಈ ನಲ್ಲಿಯನ್ನು ಯಾರೂ ಬಳಸುವ ಸಂದರ್ಭ ಬಾರದಿರಲಿ" ಎಂದು ಹಾರೈಸಿದರು. ಮೂರು ವರ್ಷ ವಿದ್ಯಾರ್ಥಿಗಳನ್ನು ಕಣ್ಣಿನ ರೆಪ್ಪೆಯ ಹಾಗೆ ಕಾಪಾಡಿದ್ದೇವೆ ಎಂದು ಪ್ರಾಂಶುಪಾಲರು ಭಾಷಣದಲ್ಲಿ ಹೇಳಿದಾಗ ಎಡಗಣ್ಣು ಇನ್ನೂ ಕೆಂಪಗಿದ್ದ ಪ್ರಶ್ನೆ ಮೂರನೆಯ ಸಾಲಿನಲ್ಲಿ ಕೂತಿದ್ದಳು. ಅವಳ ಕೈ ಅಭ್ಯಾಸಬಲದಿಂದ ಮೇಲೆದ್ದಿತು. ಮೇಡಂ ಅದನ್ನು ಹಿಡಿದು ಕೆಳಗಿಳಿಸಿ, "ಪ್ರವೇಶಪತ್ರ ಸಿಗಲಿ, ಆಮೇಲೆ," ಎಂದು ಪಿಸುಗುಟ್ಟಿದರು.

ಅಪಘಾತದ ದಿನ ಹತ್ತಿರ ಬಂದ ಹಾಗೆ ಮೇಡಂ ಅವರಿಗೆ ಒಂದು ಯೋಚನೆ ಹತ್ತಿತು. ಎಲ್ಲವೂ ಕಾಗದದ ಮೇಲೆ ಮುಗಿಯುತ್ತದೆಂದು ಅವರು ತಿಳಿದಿದ್ದರು. ಆದರೆ ಹಿಂದಿನ ದಿನ ಸುರಕ್ಷತಾಧಿಕಾರಿ ಬಂದು, ಅಪಘಾತವನ್ನು ಸಮಿತಿಯ ಸಮಕ್ಷಮದಲ್ಲಿ ನಡೆಸಬೇಕೆಂದರು.

"ಅನುಮತಿ ಕೊಟ್ಟ ಮೇಲೆ ಆಗಲೇಬೇಕು ಮೇಡಂ. ಜಾಡಿಯಲ್ಲಿರೋದು ಕಣ್ಣಿಗೆ ಬೀಳ್ಬೇಕು, ನಾವು ನೋಡ್ಬೇಕು. ಇಲ್ಲದಿದ್ರೆ ಅನುಮತಿಯ ದುರುಪಯೋಗ ಆಗತ್ತೆ, ಅರ್ಜಿ ರದ್ದಾಗತ್ತೆ."

"ಮಗು ಕಣ್ಣಿಗೆ ಮತ್ತೆ ಹಾಕಬೇಕು ಅಂತೀರಾ?"

"ಮತ್ತೆ ಅನ್ನಬೇಡಿ. ಮೊದಲನೆಯದು ನಡೆದಿಲ್ಲ."

ಆ ಸಂಜೆ ಮೇಡಂ ತಾವೇ ತೋಳು ಮಡಿಸಿ, ಕೈಗವಸು ಹಾಕಿಕೊಂಡು, ಕಪಾಟಿನ ಹಿಂದಿದ್ದ ಖಾಲಿ ಜಾಡಿಯೊಂದನ್ನು ಸೋಪಿನಿಂದ ಏಳು ಸಲ ತೊಳೆದರು. ಕುದಿಸಿ ಆರಿಸಿದ ನೀರು ತುಂಬಿದರು. ಬಿಳಿ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ "ನೀರು" ಎಂದು ಬರೆದು, ಕೆಳಗೆ ದಿನಾಂಕ ಹಾಕಿ, ಸಹಿ ಮಾಡಿ, ಜಾಡಿಯ ಮುಂಬದಿಗೆ ನೇರವಾಗಿ ಅಂಟಿಸಿದರು.

"ಚೀಟಿ ಅಂಟಿಸ್ಬೇಡಿ ಮೇಡಮ್ಮೋರೆ," ಎಂದ ಜಾಡಿಯಣ್ಣ. "ಅವರು ಓದಿಬಿಟ್ರೆ ಕತೆ ಕೆಡತ್ತೆ. ಆ ಮಗೂದು ವರ್ಷ ಹೋಗತ್ತೆ."

ಮೇಡಂ ಚೀಟಿಯ ಅಂಚುಗಳನ್ನು ಹೆಬ್ಬೆರಳಿನಿಂದ ಒತ್ತಿದರು. "ನನ್ನ ಪ್ರಯೋಗಾಲಯದಲ್ಲಿ ಚೀಟಿ ಇಲ್ಲದ ಜಾಡಿ ಇರಲ್ಲ," ಎಂದರು. ದನಿ ಎಂದಿನಷ್ಟು ಗಟ್ಟಿಯಾಗಿರಲಿಲ್ಲ.

ಬೆಳಿಗ್ಗೆ ಹನ್ನೊಂದು ಗಂಟೆಗೆ ಸಮಿತಿ ಬಂದು ಮೊದಲ ಸಾಲಿನ ಸ್ಟೂಲುಗಳ ಮೇಲೆ ಕೂತಿತು. ಪ್ರಾಂಶುಪಾಲರು, ಸುರಕ್ಷತಾಧಿಕಾರಿ, ಕಚೇರಿಯ ಹಿರಿಯ ಗುಮಾಸ್ತರು. ಹುಡುಗಿಯ ತಾಯಿ ಮತ್ತೆ ಅರ್ಧ ದಿನದ ರಜೆ ಕೇಳಿ ಬಂದು ಬಾಗಿಲಲ್ಲಿ ನಿಂತಿದ್ದರು. ಜಾಡಿ ಮೇಜಿನ ನಡುವೆ, ಚೀಟಿ ಸಮಿತಿಯ ಕಡೆಗೆ ಮುಖ ಮಾಡಿಕೊಂಡು, ಮೂರಡಿ ದೂರದಲ್ಲಿತ್ತು. ಪ್ರಾಂಶುಪಾಲರು ಜಾಡಿಯನ್ನು ದಿಟ್ಟಿಸಿ ನೋಡಿದರು.

"ಜಾಡಿ ಚೆನ್ನಾಗಿ ಹೊಳೀತಿದೆ," ಎಂದರು ಪ್ರಾಂಶುಪಾಲರು. "ಅಪಘಾತ ಅಂದ್ರೆ ಹೀಗಿರಬೇಕು. ಅಚ್ಚುಕಟ್ಟಾಗಿ."

ಗುಮಾಸ್ತರು ಕನ್ನಡಕ ಸರಿಪಡಿಸಿಕೊಂಡು ಮುಂದೆ ಬಾಗಿ, ಚೀಟಿಯನ್ನು ನೋಡಿ, "ಸಹಿ ಇದೆ, ದಿನಾಂಕ ಇದೆ," ಎಂದು ಗುರುತು ಹಾಕಿಕೊಂಡರು. ಸಹಿ ಮತ್ತು ದಿನಾಂಕದ ಮೇಲೆ ಏನಿದೆಯೆಂದು ಓದುವುದು ಅವರ ಕೆಲಸದ ಪಟ್ಟಿಯಲ್ಲಿರಲಿಲ್ಲ.

"ದ್ರವ ಯಾವುದು ಅಂತ ಬರೀಲಿ?" ಎಂದು ಕೇಳಿದರು ಸುರಕ್ಷತಾಧಿಕಾರಿ.

"ಜಾಡಿಯ ಮೇಲೆ ಬರೆದಿದೆ," ಎಂದರು ಮೇಡಂ.

"ಸರಿ, ಸರಿ." ಸುರಕ್ಷತಾಧಿಕಾರಿ "ದ್ರವ: ಜಾಡಿಯ ಮೇಲೆ ಬರೆದಿರುವಂತೆ" ಎಂದು ಬರೆದುಕೊಂಡರು.

ಹನ್ನೊಂದು ಹತ್ತಕ್ಕೆ ಸರಿಯಾಗಿ ಪ್ರಶ್ನೆ ಮುಚ್ಚಳ ತೆಗೆದು, ಮೂರು ಬೆರಳು ಅದ್ದಿ, ಎಡಗಣ್ಣಿಗೆ ಎರಚಿಕೊಂಡಳು. ಸಮಿತಿ ಒಟ್ಟಾಗಿ "ಅಯ್ಯೋ" ಎಂದಿತು. ಗುಮಾಸ್ತರು ಅದನ್ನೂ ಬರೆದುಕೊಂಡರು. ಮೇಡಂ ಹುಡುಗಿಯನ್ನು ನಲ್ಲಿಗೆ ಕರೆದೊಯ್ದು ಹದಿನೈದು ನಿಮಿಷ ಕಣ್ಣು ತೊಳೆದರು. ಹದಿನಾಲ್ಕಕ್ಕೆ ಪ್ರಾಂಶುಪಾಲರು, "ಸಾಕು ಮೇಡಂ, ಬಸ್ಸಿಗೆ ಹೊತ್ತಾಯ್ತು, ಸಮ್ಮೇಳನ," ಎಂದರೂ ಬಿಡಲಿಲ್ಲ.

ಅಪಘಾತ ಪುಸ್ತಕದಲ್ಲಿ ಮೂರು ವರ್ಷದ ನಂತರ ಮೊದಲ ನಮೂದು ಬಿತ್ತು. ಮೇಡಂ ಕಂಡದ್ದನ್ನು ಕಂಡ ಹಾಗೆ ಬರೆದರು: "ಸಮಿತಿಯ ಸಮಕ್ಷಮದಲ್ಲಿ, ಪ್ರಾಂಶುಪಾಲರ ಅನುಮತಿಯಂತೆ, ವಿದ್ಯಾರ್ಥಿನಿಯ ಎಡಗಣ್ಣಿಗೆ ನೀರು ಬಿದ್ದಿತು. ನೀರಿನಿಂದ ತೊಳೆಯಲಾಯಿತು." ಮೂವರೂ ಅದರ ಕೆಳಗೆ ಸಹಿ ಮಾಡಿದರು. ನಾಲ್ಕು ದಿನದ ಗೈರನ್ನು ಮುಂಗಡ ವಿಶ್ರಾಂತಿ ಎಂದು ಮಂಜೂರು ಮಾಡಲಾಯಿತು.

ವ್ಯವಸ್ಥೆ ಎಲ್ಲರಿಗೂ ಹಿಡಿಸಿತು. ಎರಡು ದಿನದೊಳಗೆ ಸುರಕ್ಷತಾಧಿಕಾರಿಯ ಬಾಗಿಲಲ್ಲಿ ಸಾಲು ನಿಂತಿತು. ವ್ಯಾಯಾಮ ಶಿಕ್ಷಕರು ಮುಂದಿನ ತಿಂಗಳ ಕಾಲುಳುಕಿಗೆ ಅರ್ಜಿ ಹಾಕಿ ಈಗಲೇ ವಿಶ್ರಾಂತಿಗೆ ಹೋದರು. ರಸಾಯನಶಾಸ್ತ್ರದವರು ತಂಗಿಯ ಹೆರಿಗೆಗೆ ಅನುಕೂಲವಾಗುವಂತೆ ಒಂದು ಸಣ್ಣ ಸ್ಫೋಟಕ್ಕೆ ಅನುಮತಿ ಪಡೆದರು. ಜಾಡಿಯಣ್ಣನೂ ತಾನು ಏಣಿಯಿಂದ ಬಿದ್ದ ಎರಡು ಸಲಕ್ಕೆ ಸೇರಿಸಿ ಒಂದೇ ಅರ್ಜಿ ಬರೆಸಿದ. ಒಂದು ಅರ್ಜಿಗೆ ಒಂದೇ ಬೀಳು ಎಂದು ಅದು ವಾಪಸಾಯಿತು. ಎಲ್ಲರೂ ನಿಯಮಗಳನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವುದನ್ನು ಕಂಡು ಮಂಡಳಿ ಅಭಿನಂದನಾ ಪತ್ರ ಕಳಿಸಿತು.

ಪ್ರಾಂಶುಪಾಲರು ಸಮ್ಮೇಳನದಿಂದ ಮರಳಿದ ದಿನ ಪ್ರಶ್ನೆಯ ಪ್ರವೇಶಪತ್ರ ಬಂತು. ಅದಕ್ಕೆ ಗುಂಡುಸೂಜಿಯಿಂದ ಇನ್ನೊಂದು ಕಾಗದ ಚುಚ್ಚಿತ್ತು:

"ಸದರಿ ವಿದ್ಯಾರ್ಥಿನಿಯು ಅಪಘಾತಕ್ಕೆ ಹನ್ನೊಂದು ದಿನ ಮುಂಚಿತವಾಗಿಯೇ ವಿಶ್ರಾಂತಿಗೆ ತೆರಳಿರುವುದು ದಾಖಲೆಗಳಿಂದ ಕಂಡುಬಂದಿದೆ. ಅಂದರೆ ಅಪಘಾತ ಸಂಭವಿಸಲಿರುವುದು ಸದರಿಯವರಿಗೆ ಮೊದಲೇ ತಿಳಿದಿತ್ತು. ತಿಳಿದಿದ್ದೂ ಆಡಳಿತದ ಗಮನಕ್ಕೆ ತಾರದೆ ಮನೆಯಲ್ಲಿ ಮಲಗಿದ್ದು ಗಂಭೀರ ಸುರಕ್ಷತಾ ಲೋಪ. ಮೂರು ದಿನದೊಳಗೆ ಲಿಖಿತ ಕ್ಷಮಾಪಣೆ ಸಲ್ಲಿಸತಕ್ಕದ್ದು."

ಹುಡುಗಿ ಅದನ್ನು ಓದಿದಳು. "ಬರೆದುಕೊಟ್ಟುಬಿಡ್ತೀನಿ ಮೇಡಂ. ಅಮ್ಮನೂ ಬರೆದುಕೊಡು ಅಂತಾರೆ. ಎಲ್ಲರೂ ಅದೇ ಹೇಳ್ತಿದಾರೆ, ಒಂದು ಸಾಲು ತಾನೇ ಅಂತ." ಕಾಗದವನ್ನು ಮತ್ತೊಮ್ಮೆ ಓದಿ, "ಆದ್ರೆ ಏನಂತ ಬರೀಲಿ?" ಎಂದು ಕೇಳಿದಳು.

ಮೇಡಂ ಗುಂಡುಸೂಜಿಯನ್ನು ತೆಗೆದು ಡಬ್ಬಿಗೆ ಹಾಕಿದರು. ಪ್ರವೇಶಪತ್ರವನ್ನು ಹುಡುಗಿಯ ಕೈಗಿತ್ತರು.

"ನೀನು ಹೋಗಿ ಓದು. ನಕ್ಷತ್ರಮೀನಿನ ಚಿತ್ರ ಬಿಡಿಸೋಕೆ ಇನ್ನೂ ಬರಲ್ಲ ನಿನಗೆ. ಐದು ತೋಳು, ನೀನು ಆರು ಬರೀತೀಯ."

ಹುಡುಗಿ ಹೋದ ಮೇಲೆ ಅವರು ಆ ಕಾಗದವನ್ನು ಮಗುಚಿ, ಅಂಚಿಗೆ ಅಡ್ಡಪಟ್ಟಿ ಹಿಡಿದು ಗೆರೆ ಎಳೆದು, ಮಸಿ ಪೆನ್ನಿನಲ್ಲಿ ಬರೆದರು:

"ಪ್ರಾಂಶುಪಾಲರಿಗೆ. ಅಪಘಾತದ ದಿನ, ವೇಳೆ ಮತ್ತು ಕಣ್ಣು ತಮಗೆ ಏಳು ದಿನ ಮುಂಚಿತವಾಗಿ ತಿಳಿದಿತ್ತು. ತಾವು ತಡೆಯಲಿಲ್ಲ, ಅನುಮತಿ ನೀಡಿದಿರಿ. ಸಹಿ ಮತ್ತು ಮೊಹರು ಲಗತ್ತಿಸಿದೆ. ಸದರಿ ವಿದ್ಯಾರ್ಥಿನಿಯಲ್ಲಿ ತಾವು ಲಿಖಿತವಾಗಿ, ಎರಡು ಪ್ರತಿಗಳಲ್ಲಿ, ನಾಳೆ ಬೆಳಿಗ್ಗೆ ಹತ್ತು ಗಂಟೆಯೊಳಗೆ ಕ್ಷಮೆ ಕೇಳತಕ್ಕದ್ದು."